ಮಾಧ್ಯಮಿಕ ತರಗತಿಗಳ ಬಾಲಕಿಯರ ಕ್ಷೇಮವೂ ಉಪಾಧ್ಯಾಯಿನಿಯರ ಐಕಮತ್ಯವೂ

ಪಾಠಶಾಲೆಯ ಸ್ಮರಣ ಸಂಚಿಕೆಯು ಕೈಗೆ ಬಂದೊಡನೆ ಹಳೆಯ ವಿದ್ಯಾರ್ಥಿನಿಯರು ಮೊದಲು ಹುಡುಕುವುದು ತಮ್ಮ ಕಾಲದ ಉಪಾಧ್ಯಾಯಿನಿಯರ ಹೆಸರುಗಳನ್ನು. ತಾಯಿತಂದೆಗಳು ಹುಡುಕುವುದು ತಮ್ಮ ಮಕ್ಕಳ ಹೆಸರುಗಳನ್ನು. ಒಬ್ಬ ಬಾಲಕಿಯ ಕ್ಷೇಮಕ್ಕೂ, ಆಕೆಗೆ ಕಲಿಸುವವರು ತಮ್ಮತಮ್ಮೊಳಗೆ ಕೂಡಿ ನಡೆಯುವ ರೀತಿಗೂ ಇರುವ ನಂಟನ್ನು ಕುರಿತು ಈ ಲೇಖನದಲ್ಲಿ ಸ್ವಲ್ಪ ವಿಚಾರಮಾಡೋಣ. ಈ ವಿಷಯವು ಉಪಾಧ್ಯಾಯಿನಿಯರ ಕೊಠಡಿಗೆ ಮಾತ್ರ ಸೇರಿದ್ದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಇದರಲ್ಲಿ ಮನೆಯವರಿಗೂ ದೊಡ್ಡ ಪಾಲುಂಟೆಂಬುದು ಮುಂದೆ ತಿಳಿದುಬರುವುದು.

೧. ಈ ವಯಸ್ಸಿನ ವಿಶೇಷ

ಆರನೆಯ ತರಗತಿಯಿಂದ ಎಂಟನೆಯ ತರಗತಿಯ ವರೆಗಿನ ಮೂರು ವರ್ಷಗಳನ್ನು ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತ್ಯೇಕವಾದ ಒಂದು ಹಂತವೆಂದು ಎಣಿಸಿದೆ. ಹಿಂದಿನವರು ಮಿಡ್ಲ್ ಸ್ಕೂಲೆಂದು ಕರೆಯುತ್ತಿದ್ದುದು ಹೆಚ್ಚುಕಡಮೆ ಇದನ್ನೇ. ಈ ತರಗತಿಗಳ ಬಾಲಕಿಯರು ಸಾಮಾನ್ಯವಾಗಿ ಹನ್ನೊಂದರಿಂದ ಹದಿನಾಲ್ಕು ವರ್ಷದವರು. ಈ ಅವಧಿಯಲ್ಲಿ ಅವರ ಶರೀರವು ಬೆಳೆದು ಮಾರ್ಪಡುತ್ತದೆ. ಹೆಚ್ಚಿನವರು ಇದೇ ವರ್ಷಗಳಲ್ಲಿ ಋತುಮತಿಯರಾಗುತ್ತಾರೆ. ಮನೆಯಲ್ಲಿ ಕೆಲಸ ಹೇಳುವಾಗ "ನೀನೀಗ ದೊಡ್ಡವಳು" ಎಂಬ ಮಾತು. ಆಕೆ ತನ್ನ ಅಭಿಪ್ರಾಯವನ್ನು ಹೇಳಹೋದರೆ "ನೀನಿನ್ನೂ ಚಿಕ್ಕವಳು" ಎಂಬ ಮಾತು. ಈ ಎರಡು ಮಾತುಗಳ ನಡುವೆ ನಿಂತ ಹುಡುಗಿಗೆ ತಾನು ಯಾರೆಂಬುದೇ ತಿಳಿಯದು. ಗೆಳತಿಯೊಬ್ಬಳು ಮಾತು ಬಿಟ್ಟರೆ ಆಕೆಗೆ ಲೋಕವೇ ಮುಗಿದಂತೆ ತೋರುತ್ತದೆ. ಹಿರಿಯರು ಅದನ್ನು ನೋಡಿ ನಗುತ್ತಾರೆ; ಆಕೆ ಮುಂದೆ ಹಿರಿಯರಿಗೆ ಏನನ್ನೂ ಹೇಳುವುದಿಲ್ಲ.

ಇದು ನಕ್ಕು ಬಿಡತಕ್ಕ ಸಂಗತಿಯಲ್ಲ. ಮನುಷ್ಯರಿಗೆ ಬರುವ ಮನೋವ್ಯಾಧಿಗಳಲ್ಲಿ ಅರ್ಧದಷ್ಟು ಹದಿನಾಲ್ಕನೆಯ ವರ್ಷದೊಳಗೇ ತಲೆದೋರುತ್ತವೆಂದೂ, ಅವುಗಳಲ್ಲಿ ಬಹುಭಾಗವು ಯಾರ ಗಮನಕ್ಕೂ ಬಾರದೆ ಚಿಕಿತ್ಸೆಯಿಲ್ಲದೆ ಉಳಿಯುತ್ತವೆಂದೂ ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಹತ್ತರಿಂದ ಹತ್ತೊಂಬತ್ತು ವರ್ಷದೊಳಗಿನವರಲ್ಲಿ ಏಳು ಮಂದಿಗೆ ಒಬ್ಬರಂತೆ ಇಂಥ ತೊಂದರೆಯುಳ್ಳವರಿದ್ದಾರೆಂಬುದು ಅದೇ ಸಂಸ್ಥೆಯ ಎಣಿಕೆ.

ನಮ್ಮ ದೇಶದ ಬಾಲಕಿಯರಿಗೆ ಇನ್ನೊಂದು ಅಪಾಯವುಂಟು. ಉಚಿತವೂ ಕಡ್ಡಾಯವೂ ಆದ ಶಿಕ್ಷಣದ ಹಕ್ಕು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಇರುವುದು. ಎಂಟನೆಯ ತರಗತಿ ಮುಗಿದೊಡನೆ ಕಾಯಿದೆಯ ಹಿಡಿತವು ಸಡಿಲವಾಗುತ್ತದೆ. ೨೦೧೯-೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೨೦ರಿಂದ ೨೪ ವರ್ಷದ ಸ್ತ್ರೀಯರ ಪೈಕಿ ನೂರಕ್ಕೆ ೨೧ ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಓದಿನಲ್ಲಿ ಹಿಂದೆಬಿದ್ದು, ಶಾಲೆಗೆ ಬರಲು ಮನಸ್ಸಿಲ್ಲದೆ, "ಇವಳಿಗೆ ಓದು ಹತ್ತುವುದಿಲ್ಲ" ಎಂಬ ಹೆಸರು ಹೊತ್ತ ಹುಡುಗಿಯೇ ಮೊದಲು ಶಾಲೆ ಬಿಡುವವಳು. ಏಳನೆಯ ತರಗತಿಯಲ್ಲಿ ಯಾರ ಕಣ್ಣಿಗೂ ಬೀಳದವಳು ಹತ್ತನೆಯ ತರಗತಿಯ ಪಟ್ಟಿಯಲ್ಲಿ ಇಲ್ಲದಿದ್ದರೆ ಆಶ್ಚರ್ಯಪಡತಕ್ಕದ್ದೇನು?

೨. ಏಳು ಪೀರಿಯಡು, ಏಳು ನೋಟ

ಪ್ರಾಥಮಿಕ ತರಗತಿಗಳಲ್ಲಿ ಒಬ್ಬಳೇ ಉಪಾಧ್ಯಾಯಿನಿ ದಿನದ ಬಹುಭಾಗ ಮಕ್ಕಳೊಡನಿರುವುದು ವಾಡಿಕೆ. ಮಗು ಬುತ್ತಿಯನ್ನು ಉಣ್ಣದೆ ಬಿಟ್ಟರೂ, ಮೂಲೆಯಲ್ಲಿ ಒಂಟಿಯಾಗಿ ಕುಳಿತರೂ ಅದು ಆಕೆಗೆ ತಾನಾಗಿಯೇ ತಿಳಿಯುತ್ತದೆ. ಮಾಧ್ಯಮಿಕ ತರಗತಿಗೆ ಬಂದೊಡನೆ ಈ ಏರ್ಪಾಡು ಬದಲಾಗುತ್ತದೆ. ನಲವತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸುತ್ತದೆ. ಒಬ್ಬ ಉಪಾಧ್ಯಾಯಿನಿ ಹೊರಗೆ ಹೋಗುತ್ತಾಳೆ, ಇನ್ನೊಬ್ಬಳು ಒಳಗೆ ಬರುತ್ತಾಳೆ. ವಿಷಯಜ್ಞಾನಕ್ಕೆ ಇದರಿಂದ ಲಾಭವುಂಟು. ಆದರೆ ಬಾಲಕಿಯನ್ನು ಇಡಿಯಾಗಿ ಕಾಣುವ ಕಣ್ಣು ಇಲ್ಲದೆಹೋಗುತ್ತದೆ.

ಉದಾಹರಣೆಗಾಗಿ ಏಳನೆಯ ತರಗತಿಯ ಒಬ್ಬ ಬಾಲಕಿಯನ್ನು ಊಹಿಸಿಕೊಳ್ಳೋಣ. ಆಕೆ ಮನೆಯಲ್ಲಿ ಮಾಡತಕ್ಕ ಲೆಕ್ಕಗಳನ್ನು ಮಾಡಿತರುವುದಿಲ್ಲವೆಂದು ಗಣಿತದ ಉಪಾಧ್ಯಾಯಿನಿ ಬಲ್ಲಳು. ದುಂಡಗಿದ್ದ ಅಕ್ಷರವು ಎರಡು ತಿಂಗಳಿನಿಂದ ಕೆಟ್ಟಿದೆಯೆಂದು ಕನ್ನಡದ ಉಪಾಧ್ಯಾಯಿನಿ ಬಲ್ಲಳು. ಮಧ್ಯಾಹ್ನದ ಪಾಠದಲ್ಲಿ ತೂಕಡಿಸುತ್ತಾಳೆಂದು ವಿಜ್ಞಾನದವಳು, ಓಟದಲ್ಲಿ ಬೇಗನೆ ಏದುಸಿರು ಬಂದು ಮರದಡಿಯಲ್ಲಿ ಕುಳಿತುಬಿಡುತ್ತಾಳೆಂದು ಡ್ರಿಲ್ಲಿನವಳು, ಹಳೆಯ ಗೆಳತಿಯ ಪಕ್ಕವನ್ನು ಬಿಟ್ಟು ಹಿಂದಿನ ಬೆಂಚಿಗೆ ಹೋಗಿದ್ದಾಳೆಂದು ಹೊಲಿಗೆಯವಳು ಕಂಡಿದ್ದಾರೆ. ಸೋಮವಾರಗಳಲ್ಲಿ ಆಕೆ ತಪ್ಪುತ್ತಾಳೆಂಬುದು ಹಾಜರಿ ಪುಸ್ತಕದಲ್ಲಿದೆ. ಬುತ್ತಿಯಲ್ಲಿ ಅರ್ಧವು ಹಾಗೆಯೇ ಮನೆಗೆ ಹೋಗುತ್ತದೆಂಬುದನ್ನು ಅಂಗಳ ಗುಡಿಸುವ ಆಯಾ ನೋಡಿದ್ದಾಳೆ. ಆದರೆ ಆಯಾಳನ್ನು ಕೇಳುವವರು ಯಾರು?

ಒಬ್ಬೊಬ್ಬರೂ ತಾವು ಕಂಡಷ್ಟಕ್ಕೆ ಒಂದು ಹೆಸರಿಡುತ್ತಾರೆ. ಒಬ್ಬರಿಗೆ ಆಕೆ ಸೋಮಾರಿ, ಇನ್ನೊಬ್ಬರಿಗೆ ಅಲಕ್ಷ್ಯದವಳು, ಮತ್ತೊಬ್ಬರಿಗೆ ಮೈಗಳ್ಳಿ. ತೋಳ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆಯಂತೆ ಒಂದೇ ದಿನದಲ್ಲಿ ಐದು ಕಡೆಯಿಂದ ಗದರಿಕೆ ಬೀಳುತ್ತದೆ. ಆದರೆ ಇವರೆಲ್ಲರೂ ಒಂದೆಡೆ ಕುಳಿತು ತಾವು ಕಂಡದ್ದನ್ನು ಕೂಡಿಸಿ ನೋಡಿದರೆ ಮೂರು ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಆಕೆಗೆ ರಕ್ತಹೀನತೆಯಿದೆಯೋ? ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾಗಿ ಅಡಿಗೆಯೂ ನೀರೂ ಇವಳ ಪಾಲಿಗೆ ಬಿದ್ದಿದೆಯೋ? ಇಲ್ಲವೆ ಮನಸ್ಸಿಗೆ ಏನಾದರೂ ಪೆಟ್ಟು ತಗಲಿದೆಯೋ? ಮೊದಲನೆಯ ಪ್ರಶ್ನೆಯು ಹಗುರವಾದುದಲ್ಲ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ದೇಶದ ೧೫ರಿಂದ ೧೯ ವರ್ಷದ ಬಾಲಕಿಯರ ಪೈಕಿ ನೂರಕ್ಕೆ ೫೯ ಮಂದಿಯಲ್ಲಿ ರಕ್ತಹೀನತೆ ಕಂಡುಬಂದಿತು. ಹದಿಹರೆಯದವರಿಗೆ ವಾರಕ್ಕೊಂದರಂತೆ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಸರಕಾರವು ಶಾಲೆಗಳ ಮೂಲಕ ಕೊಡಿಸುವುದು ಈ ಕಾರಣದಿಂದಲೇ. ಗದರಿಕೆಯಿಂದ ರಕ್ತವು ಹೆಚ್ಚುವುದಿಲ್ಲ.

೩. ನ್ಯೂ ಹೇವನ್ ನಗರದ ಉದಾಹರಣೆ

ಉಪಾಧ್ಯಾಯರು ಕೂಡಿ ವಿಚಾರಿಸಿದರೆ ಮಕ್ಕಳ ಸ್ಥಿತಿ ಸುಧಾರಿಸುವುದೆಂಬುದನ್ನು ಅಮೆರಿಕಾದೇಶದಲ್ಲಿ ಒಬ್ಬ ವೈದ್ಯರು ದೀರ್ಘಕಾಲ ಪರೀಕ್ಷಿಸಿ ತೋರಿಸಿದರು. ಅವರು ಯೇಲ್ ವಿಶ್ವವಿದ್ಯಾನಿಲಯದ ಮಕ್ಕಳ ಮನೋವೈದ್ಯರಾದ ಜೇಮ್ಸ್ ಕೋಮರ್. ೧೯೩೪ರಲ್ಲಿ ಇಂಡಿಯಾನಾ ಸಂಸ್ಥಾನದ ಒಂದು ಬಡ ಕಪ್ಪುಜನಾಂಗದ ಕುಟುಂಬದಲ್ಲಿ ಹುಟ್ಟಿದವರು. ಅವರ ತಾಯಿ ಪರರ ಮನೆಗಳಲ್ಲಿ ಕೆಲಸಮಾಡಿ ಜೀವಿಸಿದವರು. ತಮಗೆ ದೊರೆಯದ ವಿದ್ಯೆಯನ್ನು ಮಕ್ಕಳಿಗೆ ಕೊಡಿಸಲೇಬೇಕೆಂದು ಹಟತೊಟ್ಟು ಅದನ್ನು ಸಾಧಿಸಿದರು. ಕೋಮರ್ ೧೯೮೮ರಲ್ಲಿ ಪ್ರಕಟಿಸಿದ ಒಂದು ಗ್ರಂಥದ ವಿಷಯವು ಈ ತಾಯಿಯ ಜೀವನವೇ.

೧೯೬೮ರಲ್ಲಿ ಕೋಮರ್ ಮತ್ತು ಅವರ ಸಂಗಡಿಗರು ನ್ಯೂ ಹೇವನ್ ನಗರದ ಎರಡು ಪ್ರಾಥಮಿಕ ಶಾಲೆಗಳಲ್ಲಿ ಕೆಲಸಕ್ಕೆ ತೊಡಗಿದರು. ಅಲ್ಲಿನ ಮಕ್ಕಳಲ್ಲಿ ಹೆಚ್ಚಿನವರು ಬಡವರು. ಓದಿನಲ್ಲಿಯೂ ಲೆಕ್ಕದಲ್ಲಿಯೂ ಆ ಎರಡು ಶಾಲೆಗಳು ನಗರದ ಎಲ್ಲಾ ಪ್ರಾಥಮಿಕ ಶಾಲೆಗಳಿಗಿಂತ ಕೆಳಗಿದ್ದವು. ಮೊದಲನೆಯ ವರ್ಷವು ಗದ್ದಲದಲ್ಲಿಯೇ ಕಳೆಯಿತು. ತಾಯಿತಂದೆಗಳಿಗೆ ಶಾಲೆಯ ಮೇಲೆ ಕೋಪ. ಉಪಾಧ್ಯಾಯರಿಗೆ ಮಕ್ಕಳ ಮೇಲೂ ಮನೆಯವರ ಮೇಲೂ ಬೇಸರ. ಅಲ್ಲಿ ತಜ್ಞರಿಗೆ ಕೊರತೆಯಿರಲಿಲ್ಲ. ಒಂದೇ ಮಗುವನ್ನು ಮನಶ್ಶಾಸ್ತ್ರಜ್ಞರೊಬ್ಬರು, ಸಮಾಜಸೇವಕರೊಬ್ಬರು, ವಿಶೇಷ ಶಿಕ್ಷಣದವರೊಬ್ಬರು ಬೇರೆಬೇರೆಯಾಗಿ ನೋಡುತ್ತಿದ್ದರು. ಒಬ್ಬರು ಕಂಡದ್ದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ.

ಕೋಮರ್ ಮೂರು ಮಂಡಲಿಗಳನ್ನು ಏರ್ಪಡಿಸಿದರು. ಒಂದು ಶಾಲೆಯ ಆಡಳಿತದ ಮಂಡಲಿ, ಇದರಲ್ಲಿ ಮುಖ್ಯೋಪಾಧ್ಯಾಯರು, ಉಪಾಧ್ಯಾಯರು, ತಾಯಿತಂದೆಗಳು ಮೊದಲಾದವರಿಗೆ ಸ್ಥಾನ. ಎರಡನೆಯದು ಮಕ್ಕಳ ಮನಃಕ್ಷೇಮವನ್ನು ನೋಡುವವರ ಮಂಡಲಿ. ಮೂರನೆಯದು ತಾಯಿತಂದೆಗಳ ಮಂಡಲಿ. ಇವರೆಲ್ಲರೂ ನಡೆದುಕೊಳ್ಳಬೇಕಾದ ನಿಯಮಗಳೂ ಮೂರೇ. ಯಾರ ಮೇಲೂ ತಪ್ಪು ಹೊರಿಸದೆ ತೊಂದರೆಯ ಪರಿಹಾರವನ್ನು ಮಾತ್ರ ಯೋಚಿಸಬೇಕು. ಕೈಯೆಣಿಕೆಯಿಂದ ಗೆದ್ದು ಸೋಲಿಸದೆ ಒಮ್ಮತಕ್ಕೆ ಬರಬೇಕು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡಿಯಾಗದೆ ಕೂಡಿ ದುಡಿಯಬೇಕು.

ಇದರ ಫಲವನ್ನು ತಿಳಿಯಲು ಕೋಮರ್ ಹೇಳಿರುವ ಒಂದು ಪ್ರಸಂಗವು ಸಾಕು. ಹಳ್ಳಿಯ ಕಡೆಯಿಂದ ಆಗತಾನೆ ಬಂದಿದ್ದ ಒಬ್ಬ ಬಾಲಕನನ್ನು ಗುರುತುಪರಿಚಯವಿಲ್ಲದ ತರಗತಿಯೊಳಗೆ ತಂದು ಬಿಟ್ಟರು. ಹುಡುಗನು ಹೆದರಿ ಶಿಕ್ಷಕಿಯ ಕಾಲಿಗೆ ಒದ್ದು ಹೊರಗೆ ಓಡಿದನು. ಹಿಂದಿನ ಕ್ರಮದಲ್ಲಾಗಿದ್ದರೆ ಅವನಿಗೆ ಶಿಕ್ಷೆಯಾಗಿ, ಪೋಕರಿಯೆಂಬ ಹೆಸರು ನಿಲ್ಲುತ್ತಿತ್ತು. ಈ ಸಲ ಎಲ್ಲರೂ ಕುಳಿತು, ಗುರುತಿಲ್ಲದ ಸ್ಥಳದಲ್ಲಿ ಒಂಟಿಯಾಗಿ ಬಿಡಲ್ಪಟ್ಟ ಮಗುವಿಗೆ ಹೇಗೆ ತೋರಿರಬಹುದೆಂದು ಯೋಚಿಸಿದರು. ಆ ಬಾಲಕನಿಗೆ ಸಹಾಯಮಾಡಿದ್ದಲ್ಲದೆ, ಹೊಸದಾಗಿ ಬರುವ ಮಕ್ಕಳನ್ನೆಲ್ಲಾ ಆದರದಿಂದ ಎದುರುಗೊಳ್ಳುವ ಕ್ರಮವನ್ನೂ ಏರ್ಪಡಿಸಿದರು. ಮಕ್ಕಳು ಎರಡು ವರ್ಷ ಒಬ್ಬರೇ ಶಿಕ್ಷಕರ ಬಳಿಯಲ್ಲಿರುವಂತೆ ಮಾಡಿದರು. ಸುಮಾರು ಹದಿನೈದು ವರ್ಷಗಳಲ್ಲಿ ಈ ಯೋಜನೆಯ ಶಾಲೆಗಳು ನಗರದ ಮುಂದಿನ ಸಾಲಿಗೆ ಬಂದವು. ಮಕ್ಕಳ ಮನೆಗಳ ಬಡತನವು ಮಾತ್ರ ಅಷ್ಟರಲ್ಲಿ ತೊಲಗಿರಲಿಲ್ಲ.

ಕೋಮರ್ ಈ ಕೆಲಸವನ್ನು ಆರಂಭಿಸಿದ್ದು ಚಿಕ್ಕ ಮಕ್ಕಳ ಶಾಲೆಗಳಲ್ಲಿ. ಪೀರಿಯಡಿಗೊಬ್ಬರಂತೆ ಉಪಾಧ್ಯಾಯಿನಿಯರು ಬದಲಾಗುವ ನಮ್ಮ ಮಾಧ್ಯಮಿಕ ತರಗತಿಗಳಿಗೆ ಇದರ ಅಗತ್ಯವು ಇನ್ನೂ ಹೆಚ್ಚು. ಅಲ್ಲಿದ್ದಷ್ಟು ತಜ್ಞರು ನಮ್ಮಲ್ಲಿ ಇಲ್ಲದಿರಬಹುದು. ಆದರೆ ಅವರ ಮೂರು ನಿಯಮಗಳಿಗೆ ಖರ್ಚಿಲ್ಲ.

೪. ಕೂಡಿ ವಿಚಾರಿಸುವ ಕ್ರಮ

ಇದಕ್ಕೆ ಬೇಕಾದುದು ವಾರಕ್ಕೊಂದು ಪೀರಿಯಡು, ಒಂದು ದಪ್ಪ ಪುಸ್ತಕ, ಬೀಗವುಳ್ಳ ಒಂದು ಬೀರು. ಒಂದು ತರಗತಿಗೆ ಕಲಿಸುವ ಎಲ್ಲರೂ ಆ ಹೊತ್ತಿನಲ್ಲಿ ಬಿಡುವಾಗಿರುವಂತೆ ಮುಖ್ಯೋಪಾಧ್ಯಾಯಿನಿಯು ವೇಳಾಪಟ್ಟಿಯನ್ನು ಹಾಕತಕ್ಕದ್ದು. ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಓಡುವ ಹೊತ್ತಿನಲ್ಲಿ ಕೂಡುವ ಸಭೆಯು ನಾಲ್ಕು ವಾರವೂ ಬಾಳುವುದಿಲ್ಲ. ಒಂದು ಸಭೆಯಲ್ಲಿ ಮೂರು ನಾಲ್ಕು ಬಾಲಕಿಯರ ವಿಷಯವನ್ನು ಮಾತ್ರ ತೆಗೆದುಕೊಳ್ಳಬೇಕು. ವರ್ಷದ ಕೊನೆಯೊಳಗೆ ತರಗತಿಯ ಪ್ರತಿಯೊಬ್ಬಳ ಹೆಸರೂ ಒಂದು ಸಲವಾದರೂ ಬರಬೇಕು. ಯಾಕೆಂದರೆ ಗಲಾಟೆಮಾಡುವವಳು ತಾನಾಗಿಯೇ ನೆನಪಿಗೆ ಬರುತ್ತಾಳೆ, ಸುಮ್ಮನೆ ಕುಳಿತು ಸೊರಗುವವಳು ಬರುವುದಿಲ್ಲ. ಸಭೆಯಲ್ಲಿ ಪಾಲಿಸತಕ್ಕ ಕ್ರಮಗಳು ಇವು:

(ಅ) ಕಂಡದ್ದನ್ನು ಹೇಳಬೇಕು, ತೀರ್ಪನ್ನಲ್ಲ. "ಆಕೆ ಸೋಮಾರಿ" ಎಂಬುದು ತೀರ್ಪು; "ಈ ತಿಂಗಳಲ್ಲಿ ಆರು ಸಲ ಲೆಕ್ಕ ಮಾಡಿತಂದಿಲ್ಲ" ಎಂಬುದು ಕಂಡದ್ದು. ಪುಸ್ತಕದಲ್ಲಿ ಎರಡನೆಯದನ್ನೇ ತಾರೀಕಿನೊಡನೆ ಬರೆಯತಕ್ಕದ್ದು.

(ಆ) ಆಕೆಯಲ್ಲಿರುವ ಒಳ್ಳೆಯದೊಂದನ್ನು ಯಾರಾದರೂ ಹೇಳಲೇಬೇಕು. ಗಣಿತದಲ್ಲಿ ಮಂಕಾಗಿ ಕಾಣುವವಳು ಹಾಡಿನಲ್ಲಿ ಮುಂದಾಳಾಗಿರಬಹುದು. ಆಕೆಯನ್ನು ಎತ್ತಲು ಹಿಡಿ ಸಿಕ್ಕುವುದು ಅಲ್ಲಿಯೇ.

(ಇ) ಒಬ್ಬರೇ ಆಕೆಯೊಡನೆ ಮಾತಾಡಬೇಕು. ಏಳು ಮಂದಿಯೂ ಸರದಿಯಂತೆ ಕರೆದು ವಿಚಾರಿಸಿದರೆ ಕನಿಕರವೂ ವಿಚಾರಣೆಯಂತೆ ತೋರುವುದು. ಆಕೆಗೆ ಯಾರಲ್ಲಿ ಸಲಿಗೆಯೋ ಅವರಿಗೆ ಈ ಕೆಲಸ ಸೇರಲಿ, ಅವರು ಹೊಲಿಗೆಯ ಉಪಾಧ್ಯಾಯಿನಿಯಾಗಿದ್ದರೂ ಸರಿಯೆ.

(ಈ) ಮಾಡತಕ್ಕ ಸಹಾಯವು ಚಿಕ್ಕದೂ ಸ್ಪಷ್ಟವಾದುದೂ ಆಗಿರಬೇಕು: ಮುಂದಿನ ಬೆಂಚು, ಎರಡು ವಾರ ಕಡಮೆ ಮನೆಗೆಲಸ, ರಕ್ತಪರೀಕ್ಷೆಗೆ ಮನೆಯವರಿಗೆ ಸೂಚನೆ. ಮೂರು ವಾರಗಳ ಮೇಲೆ ಮತ್ತೆ ನೋಡತಕ್ಕ ದಿನವನ್ನೂ ಆಗಲೇ ಬರೆದಿಡಬೇಕು.

(ಉ) ಕೇಳಿದ ಮಾತು ಕೊಠಡಿಯ ಹೊಸ್ತಿಲನ್ನು ದಾಟಬಾರದು. ಆದರೆ ಮಗುವಿನ ಮೇಲೆ ಲೈಂಗಿಕ ಅತ್ಯಾಚಾರದ ಸುಳಿವು ಸಿಕ್ಕಿದಲ್ಲಿ ಅದು ಸಭೆಯಲ್ಲಿ ಚರ್ಚಿಸಿ ಮುಗಿಸತಕ್ಕ ವಿಷಯವಲ್ಲ. ೨೦೧೨ರ ಪೋಕ್ಸೋ ಕಾಯಿದೆಯಂತೆ ಕೂಡಲೆ ಪೋಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಮೇಲಿನ ಕರ್ತವ್ಯ. ಮಕ್ಕಳ ಸಹಾಯವಾಣಿಯಾದ ೧೦೯೮ಕ್ಕೂ ತಿಳಿಸಬಹುದು. ಆದುದರಿಂದ "ಯಾರಿಗೂ ಹೇಳುವುದಿಲ್ಲ" ಎಂದು ಬಾಲಕಿಗೆ ಮಾತು ಕೊಡಬಾರದು. "ನಿನಗೆ ಸಹಾಯ ಮಾಡಬಲ್ಲವರಿಗಲ್ಲದೆ ಬೇರೆ ಯಾರಿಗೂ ಹೇಳುವುದಿಲ್ಲ" ಎನ್ನತಕ್ಕದ್ದು.

೫. ಕಲಿಸುವವರ ಕ್ಷೇಮ

ತಾನೇ ಬಳಲಿದವಳು ಇನ್ನೊಬ್ಬಳ ಬಳಲಿಕೆಯನ್ನು ಕಾಣಲಾರಳು. ಐವತ್ತು ಪುಸ್ತಕಗಳ ಕಟ್ಟನ್ನು ಮನೆಗೆ ಹೊತ್ತು, ಅಡಿಗೆ ಮುಗಿಸಿ, ರಾತ್ರಿ ತಿದ್ದಿ, ಬೆಳಿಗ್ಗೆ ಮತ್ತೆ ತರಗತಿಯಲ್ಲಿ ನಿಲ್ಲುವ ಉಪಾಧ್ಯಾಯಿನಿಗೆ ತಾಳ್ಮೆಯ ಉಪದೇಶವೊಂದನ್ನೇ ಮಾಡಿದರೆ ಸಾಲದು. ಹೊಸದಾಗಿ ಸೇರಿದವಳಿಗೆ ಹಟಮಾರಿ ತರಗತಿಯನ್ನು ಒಪ್ಪಿಸಿ, ಹಳಬರು ದೂರ ನಿಂತು ನೋಡುವ ವಾಡಿಕೆಯು ಕೆಲವೆಡೆ ಉಂಟು. ಅಂಥ ಕಡೆ ಆಕೆ ತನ್ನ ಕಷ್ಟವನ್ನು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಕೈಲಾಗದವಳೆಂದು ಎಣಿಸುವರೆಂಬ ಭಯ.

ಇದರಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೧೭ನೆಯ ಪ್ರಕರಣವು ಮಕ್ಕಳನ್ನು ಹೊಡೆಯುವುದನ್ನೂ ಅವರ ಮನಸ್ಸನ್ನು ನೋಯಿಸುವುದನ್ನೂ ನಿಷೇಧಿಸಿತು. ಬೆತ್ತವನ್ನು ಕೆಳಗಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಬೆತ್ತವನ್ನು ಒಬ್ಬಂಟಿಯಾಗಿ ಬೀಸಬಹುದಾಗಿತ್ತು; ಅದರ ಬದಲಿಗೆ ಬೇಕಾದ ವಿವೇಕವು ಒಬ್ಬಳಿಗೇ ಎಲ್ಲಾ ಸಮಯದಲ್ಲಿಯೂ ಹೊಳೆಯುವುದಿಲ್ಲ. "ಈ ಹುಡುಗಿಯೊಡನೆ ನನಗೆ ಸಾಗುತ್ತಿಲ್ಲ, ನಿಮ್ಮ ತರಗತಿಯಲ್ಲಿ ಹೇಗಿರುತ್ತಾಳೆ?" ಎಂದು ಜೊತೆಯವರನ್ನು ನಾಚಿಕೆಯಿಲ್ಲದೆ ಕೇಳಬಲ್ಲ ಕೊಠಡಿಯಿದ್ದರೆ ಉಪಾಧ್ಯಾಯಿನಿಯ ಭಾರವು ಅರ್ಧವಾಗುವುದು. ಇಂಥ ಸಭೆಗಳಿಗೆ ಹೊತ್ತೆಲ್ಲಿದೆ ಎಂದು ಕೇಳುವವರಿದ್ದಾರೆ. ಒಬ್ಬ ಬಾಲಕಿಯನ್ನು ಏಳು ಮಂದಿಯೂ ವರ್ಷವಿಡೀ ಬೇರೆಬೇರೆಯಾಗಿ ಗದರಿಸುವುದರಲ್ಲಿ ಹೋಗುವ ಹೊತ್ತನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ.

೬. ಮನೆಯವರ ಪಾಲು

ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯು ಮನೆಗೂ ಶಾಲೆಗೂ ನಡೆಯುವ ಜಗಳಕ್ಕೂ ಹೊಂದುತ್ತದೆ. ಹೆತ್ತವರ ಸಭೆಯ ದಿನ ಅಂಕಗಳ ಪಟ್ಟಿಯನ್ನು ನಡುವೆ ಇಟ್ಟುಕೊಂಡು, "ನೀವು ಮನೆಯಲ್ಲಿ ನೋಡುವುದಿಲ್ಲ" ಎಂದು ಇವರೂ "ನೀವು ಶಾಲೆಯಲ್ಲಿ ಕಲಿಸುವುದಿಲ್ಲ" ಎಂದು ಅವರೂ ಹೇಳುವಾಗ, ಪಕ್ಕದಲ್ಲಿ ತಲೆತಗ್ಗಿಸಿ ನಿಂತಿರುವ ಬಾಲಕಿಯ ಮುಖವನ್ನು ನೋಡಿದವರುಂಟೆ? ಆ ದಿನದ ಮೊದಲ ಮಾತು ಆಕೆಯ ಆರೋಗ್ಯವನ್ನೂ ಸಂತೋಷವನ್ನೂ ಕುರಿತದ್ದಾಗಿರಲಿ. ಅಂಕಗಳ ಮಾತು ಆಮೇಲೆ ಬರಲಿ.

ಶಾಲೆಗೆ ಎಷ್ಟುಮಾತ್ರಕ್ಕೂ ತಿಳಿಯಲಾರದ ಕೆಲವು ಸಂಗತಿಗಳನ್ನು ತಾಯಿ ಬಲ್ಲಳು. ಮಗಳು ಎಷ್ಟು ಹೊತ್ತಿಗೆ ಮಲಗುತ್ತಾಳೆ? ಹನ್ನೆರಡು ವರ್ಷದ ವರೆಗಿನ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡು ತಾಸು, ಹದಿಮೂರರ ಮೇಲ್ಪಟ್ಟವರಿಗೆ ಎಂಟರಿಂದ ಹತ್ತು ತಾಸು ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಮೊಬೈಲು ಫೋನು ಹಾಸಿಗೆಯ ಪಕ್ಕದಲ್ಲಿದ್ದರೆ ಅಷ್ಟು ನಿದ್ರೆ ದೊರೆಯುವುದು ಕಷ್ಟ. ಬೆಳಿಗ್ಗೆ ಏನಾದರೂ ತಿಂದು ಹೊರಡುತ್ತಾಳೋ? ಮುಟ್ಟಿನ ದಿನಗಳಲ್ಲಿ ಹೆಚ್ಚು ನೋವಿದೆಯೋ? ಮನೆಯಲ್ಲಿ ಸಾವು, ಸಾಲ, ಊರುಬದಲಾವಣೆ, ಹಿರಿಯರ ಮನಸ್ತಾಪ ಏನಾದರೂ ಉಂಟಾಗಿದೆಯೋ? ಎಲ್ಲವನ್ನೂ ಬಿಚ್ಚಿ ಹೇಳಬೇಕಾದುದಿಲ್ಲ. "ಮನೆಯಲ್ಲಿ ಸ್ವಲ್ಪ ಕಷ್ಟವಿದೆ, ಈ ತಿಂಗಳು ಆಕೆಯ ಮೇಲೆ ಕಣ್ಣಿಡಿ" ಎಂಬ ಒಂದು ಚೀಟಿಯು ತರಗತಿಯ ಉಪಾಧ್ಯಾಯಿನಿಗೆ ತಲಪಿದರೆ ಆಕೆಯ ಮೂಲಕ ಏಳು ಮಂದಿಗೂ ಎಚ್ಚರವಾಗುತ್ತದೆ.

೭. ವೈದ್ಯರ ಬಳಿಗೆ

ಉಪಾಧ್ಯಾಯಿನಿಯು ವೈದ್ಯಳಲ್ಲ, ತಾಯಿಯೂ ಅಲ್ಲ. ಎರಡು ವಾರ ಮೀರಿ ನಿದ್ರೆಯೂ ಊಟವೂ ಕೆಟ್ಟಿದ್ದರೆ, ಹಿಂದೆ ಇಷ್ಟಪಡುತ್ತಿದ್ದ ಯಾವುದೂ ಈಗ ಬೇಡವಾಗಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ಆಕೆ ತನಗೆ ತಾನೇ ಗಾಯಮಾಡಿಕೊಂಡಿದ್ದರೆ, ಸಾಯುವ ಮಾತಾಡಿದರೆ, ಒಂದು ದಿನವೂ ಕಾಯಬಾರದು; ಆಕೆಯನ್ನು ಒಂಟಿಯಾಗಿ ಬಿಡಬಾರದು. ೨೦೨೨ನೆಯ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರದ ಸಹಾಯವಾಣಿಯು ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ, ಕನ್ನಡದಲ್ಲಿಯೂ, ವೆಚ್ಚವಿಲ್ಲದೆ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದಕ್ಕೆ ಮಾರ್ಗದರ್ಶನ ಕೊಡುತ್ತದೆ. ಜ್ವರಕ್ಕೆ ಔಷಧ ಕೇಳಲು ನಾಚದ ನಾವು ಮನಸ್ಸಿನ ಬೇನೆಗೆ ಸಹಾಯ ಕೇಳಲು ನಾಚಬೇಕಾದುದಿಲ್ಲ. ಮಗಳ ಮದುವೆಗೆ ಅಡ್ಡಿಯಾದೀತೆಂದು ಬೇನೆಯನ್ನು ಮುಚ್ಚಿಟ್ಟ ಮನೆಗಳಲ್ಲಿ ಮುಚ್ಚಿಟ್ಟಷ್ಟೂ ಅದು ಬೆಳೆಯುತ್ತದೆ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ವೈದ್ಯರೂ ದಾದಿಯರೂ ಉಪಾಧ್ಯಾಯಿನಿಯರೂ ಇರುವರು. ಮನೆಯನ್ನು ನಡೆಸುತ್ತಿರುವವರಂತೂ ಅನೇಕರು. ವರ್ಷಕ್ಕೊಂದು ದಿನ ಶಾಲೆಗೆ ಬಂದು ಬಾಲಕಿಯರ ರಕ್ತವನ್ನು ಪರೀಕ್ಷಿಸುವುದೂ, ಋತುಕಾಲದ ವಿಷಯವನ್ನು ಸಂಕೋಚವಿಲ್ಲದೆ ತಿಳಿಸುವುದೂ, ಉಪಾಧ್ಯಾಯಿನಿಯರು ಸಭೆ ಸೇರಿರುವ ಪೀರಿಯಡಿನಲ್ಲಿ ತರಗತಿಗೆ ಕಥೆ ಹೇಳಿ ನೋಡಿಕೊಳ್ಳುವುದೂ ಅವರು ಮಾಡಬಹುದಾದ ಸಹಾಯಗಳು. ತಾಯಿತಂದೆಗಳು ಮುಂದಿನ ಸಭೆಗೆ ಬಂದಾಗ ಅಂಕಗಳ ಪಟ್ಟಿಯನ್ನು ಬಿಡಿಸುವ ಮೊದಲು ತರಗತಿಯ ಉಪಾಧ್ಯಾಯಿನಿಯನ್ನು ಒಂದು ಪ್ರಶ್ನೆ ಕೇಳಲಿ: "ನನ್ನ ಮಗಳ ವಿಷಯವಾಗಿ ನೀವೆಲ್ಲರೂ ಕೂಡಿ ಮಾತಾಡಿದ್ದು ಯಾವಾಗ?" ಹೀಗೆ ಕೇಳುವವರು ಹತ್ತು ಮಂದಿಯಾದರೆ ವೇಳಾಪಟ್ಟಿಯಲ್ಲಿ ಆ ಒಂದು ಪೀರಿಯಡಿಗೆ ಸ್ಥಳವಾಗುವುದು.